ಹಳೇ ಕ್ರೋಮ್ ಪ್ಲೇಟಿಂಗ್ ಶೆಡ್ ಇದ್ದ ಜಾಗ: ಮಣ್ಣು ಅಗೆದು ಸಾಗಿಸೋದಾ, ಅಲ್ಲೇ ಶುದ್ಧ ಮಾಡೋದಾ?

ಶೆಡ್‌_ನಲವತ್ತು

ಬೆಂಗಳೂರಿನ ಅಂಚಿನ ಹಳೇ ಕೈಗಾರಿಕಾ ಪ್ರದೇಶದಲ್ಲಿ 20 ಗುಂಟೆ ಜಾಗ. ಮೊದಲು ಹಾರ್ಡ್ ಕ್ರೋಮ್ ಪ್ಲೇಟಿಂಗ್ (ಲೋಹದ ಭಾಗಗಳಿಗೆ ಗಟ್ಟಿ ಕ್ರೋಮಿಯಂ ಲೇಪ ಹಾಕುವ ಕೆಲಸ) ನಡೆಯುತ್ತಿತ್ತು. ಟ್ಯಾಂಕು, ರೆಕ್ಟಿಫೈಯರ್ ಎಲ್ಲ ಗುಜರಿಗೆ ಹೋಗಿ ಈಗ ಕಾಂಕ್ರೀಟ್ ನೆಲವಷ್ಟೇ ಉಳಿದಿದೆ. ಟ್ಯಾಂಕ್ ಕೂತಿದ್ದ ಕಡೆ ಬಿರುಕುಗಳ ಅಂಚಿನಲ್ಲಿ ಅರಿಶಿನ ಉದುರಿಸಿದ ಹಾಗೆ ಹಳದಿ ಪುಡಿ ಎದ್ದಿದೆ. ಮಳೆ ಬಂದರೆ ಮಾಯ, ನಾಲ್ಕು ದಿನ ಬಿಸಿಲು ಬಿದ್ದರೆ ಮತ್ತೆ ಹಾಜರ್.

ಟ್ಯಾಂಕ್ ಇದ್ದ 12 × 9 ಮೀಟರ್ ಜಾಗದ ವರದಿ, ಎಲ್ಲ ಮಿಲಿಗ್ರಾಂ/ಕೆಜಿ ಲೆಕ್ಕದಲ್ಲಿ (ಕ್ರೋಮಿಯಂ-6 ಅಂದರೆ ನೀರಲ್ಲಿ ಕರಗಿ ಹರಿಯುವ ವಿಷಕಾರಿ ರೂಪ, ಕ್ರೋಮಿಯಂ-3 ಅಷ್ಟು ಅಪಾಯವಿಲ್ಲದ, ಮಣ್ಣಲ್ಲೇ ಕೂರುವ ರೂಪ):

0.5 ಮೀ ಆಳ: ಒಟ್ಟು ಕ್ರೋಮಿಯಂ 2,400, ಕ್ರೋಮಿಯಂ-6 310
1.5 ಮೀ: ಒಟ್ಟು 900, ಕ್ರೋಮಿಯಂ-6 140
2.5 ಮೀ: ಒಟ್ಟು 380, ಕ್ರೋಮಿಯಂ-6 6

ಮಣ್ಣಿನ ಪಿಎಚ್ 5.1. ಕೆಂಪು ಮಣ್ಣು, ಕೆಳಗೆ ಕೊಳೆತ ಕಲ್ಲು. 7 ಮೀಟರಿನಲ್ಲಿ ಸಿಕ್ಕ ನೀರಿನಲ್ಲಿ ಕ್ರೋಮಿಯಂ-6 ಲೀಟರಿಗೆ 3.8 ಮಿಲಿಗ್ರಾಂ, ಆವರಣದ ಹಳೇ ಬೋರ್‌ವೆಲ್‌ನಲ್ಲಿ 0.09.

ಎಲ್ಲವನ್ನೂ ಅಗೆದು ದಾಬಸ್‌ಪೇಟೆಯ ಟಿಎಸ್‌ಡಿಎಫ್‌ಗೆ (ಅಪಾಯಕಾರಿ ತ್ಯಾಜ್ಯ ಸಂಸ್ಕರಿಸಿ ಹೂಳುವ ಕೇಂದ್ರ) ಕಳಿಸೋದು ಸರಿಯೋ, ಫೆರಸ್ ಸಲ್ಫೇಟ್ ಹಾಕಿ ಇಲ್ಲೇ ಸರಿ ಮಾಡಬಹುದೋ? ಗುತ್ತಿಗೆದಾರರು "ಶೇ. 10 ಸಿಮೆಂಟ್ ಕಲಸಿ ಮುಚ್ಚಿಬಿಡೋಣ" ಅನ್ನುತ್ತಿದ್ದಾರೆ. ಇನ್ನೊಬ್ಬರು ಲಾವಂಚ ನೆಡಿ ಅಂದರು. ಎಷ್ಟಕ್ಕೆ ಇಳಿದರೆ ಶುದ್ಧವಾಯಿತು ಎನ್ನಬಹುದು ಅನ್ನೋದೂ ಬೇಕು.

---

ನೇರಳೆ ಬಣ್ಣ

ಡೋಸ್ ಲೆಕ್ಕಕ್ಕೆ ಮೊದಲು ಸ್ಯಾಂಪಲ್ ವಿಚಾರ. ಈ ವರದಿ ಎಷ್ಟು ಗುಂಡಿಗಳದ್ದು? ನಾಲ್ಕು ಕಡೆಯ ಮಣ್ಣು ಬೆರೆಸಿ ಕೊಟ್ಟಿದ್ದರೆ 310 ಅನ್ನೋದು ಸರಾಸರಿ. ಒಂದು ಮೂಲೆಯಲ್ಲಿ 1,000 ದಾಟಿರಬಹುದು. ಕ್ರೋಮೇಟ್ (ನೀರಲ್ಲಿ ಕರಗಿದ ಕ್ರೋಮಿಯಂ-6) ಇಳಿಯೋದು ಸಮನಾಗಿ ಅಲ್ಲ. ನೆಲದ ಬಿರುಕು, ಪೈಪ್ ಹೋದ ಕಾಲುವೆ, ಹಳೇ ಸಂಪ್‌ನ ಗೋಡೆ, ಇವುಗಳ ಗುಂಟ ಇಳಿಯುತ್ತದೆ. 3 ಮೀಟರಿಗೊಂದು ಚೌಕ ಹಾಕಿ, ಪ್ರತಿ ಚೌಕದಲ್ಲೂ ಅರ್ಧ ಮೀಟರಿಗೊಂದರಂತೆ ಬೇರೆ ಬೇರೆ ಸ್ಯಾಂಪಲ್ ತೆಗೆಸಿ. ಒಂದನ್ನೂ ಬೆರೆಸಬೇಡಿ.

ಎಲ್ಲವನ್ನೂ ಲ್ಯಾಬ್‌ಗೆ ಕಳಿಸಬೇಕಿಲ್ಲ. ಒಂದು ಚಮಚ ಮಣ್ಣನ್ನು ಡಿಸ್ಟಿಲ್ಡ್ ನೀರಿನಲ್ಲಿ ಅಲ್ಲಾಡಿಸಿ ಸೋಸಿ, ಆ ನೀರಿಗೆ ನಾಲ್ಕು ಹನಿ ತೆಳು ಗಂಧಕಾಮ್ಲ, ಆಮೇಲೆ ಅಸಿಟೋನ್‌ನಲ್ಲಿ ಕರಗಿಸಿದ ಡೈಫಿನೈಲ್ ಕಾರ್ಬಝೈಡ್ ಹಾಕಿ. ಕ್ರೋಮಿಯಂ-6 ಇದ್ದರೆ ಕೆಂಪು ಮಿಶ್ರಿತ ನೇರಳೆ ಬಣ್ಣ ಬರುತ್ತದೆ. ಹಳದಿ-ಕಂದು ಬಂದರೆ ಅದು ಕಬ್ಬಿಣ, ಮೋಸ ಹೋಗಬೇಡಿ. ಅಗೆಯುವಾಗ ಎಲ್ಲಿ ನಿಲ್ಲಿಸಬೇಕು ಅನ್ನೋದಕ್ಕೂ ಇದೇ ದಾರಿ. ಕಣ್ಣಳತೆಯನ್ನು ಮಾತ್ರ ನಂಬಬೇಡಿ. ನೀರು ಹಳದಿ ಕಾಣಬೇಕಾದರೆ ಲೀಟರಿಗೆ 1 ಮಿಲಿಗ್ರಾಂಗಿಂತ ಮೇಲೆ ಇರಬೇಕು. ಕುಡಿಯುವ ನೀರಿನಲ್ಲಿ ಒಟ್ಟು ಕ್ರೋಮಿಯಂಗೆ ಭಾರತೀಯ ಮಾನಕ ಐಎಸ್ 10500 ಹಾಕಿರುವ ಮಿತಿ 0.05.

ಲ್ಯಾಬ್‌ಗೆ ಕೊಡುವಾಗ ವಿಧಾನದ ಹೆಸರು ಬರೆದೇ ಕೊಡಿ: ಕ್ರೋಮಿಯಂ-6ಕ್ಕೆ ಇಪಿಎ (ಅಮೆರಿಕದ ಪರಿಸರ ಸಂಸ್ಥೆ) 3060ಎ ಕ್ಷಾರ ವಿಧಾನ, ಆಮೇಲೆ 7196ಎ. ಆಮ್ಲದಲ್ಲಿ ಕರಗಿಸಿದರೆ ಆರು ಇದ್ದದ್ದು ಮೂರಾಗಿ, ವರದಿ ಸುಳ್ಳಾಗುತ್ತದೆ. ಮಣ್ಣು ಹಸಿಯಾಗಿಯೇ ಇರಲಿ, ಒಲೆಯಲ್ಲಿ ಒಣಗಿಸಬಾರದು, 4 ಡಿಗ್ರಿಯಲ್ಲಿ ಇಡಬೇಕು. ನೀರಿನ ಸ್ಯಾಂಪಲ್‌ಗೆ ಬಫರ್ ಹಾಕದಿದ್ದರೆ 24 ಗಂಟೆಯೊಳಗೆ ಪರೀಕ್ಷೆ ಆಗಬೇಕು. ಸ್ಪೈಕ್ ರಿಕವರಿ (ಲ್ಯಾಬ್ ಬೇಕೆಂದೇ ಬೆರೆಸಿದ ಕ್ರೋಮಿಯಂ-6ರಲ್ಲಿ ಪರೀಕ್ಷೆಗೆ ಸಿಕ್ಕ ಪಾಲು) ಎಷ್ಟು ಬಂತು ಎಂದು ಕೇಳಿ. ಶೇ. 75ರಿಂದ 125ರೊಳಗೆ ಇಲ್ಲದಿದ್ದರೆ ಆ ವರದಿಯ ಮೇಲೆ ಹಣ ಸುರಿಯಬೇಡಿ.

ಬರೀ ಕ್ರೋಮಿಯಂ ನೋಡಿ ಮುಗಿಸಬೇಡಿ. ಹಾರ್ಡ್ ಕ್ರೋಮ್ ಟ್ಯಾಂಕಿನ ಆನೋಡ್ ಸೀಸದ್ದು. ಟ್ಯಾಂಕಿನ ತಳದ ಹಳದಿ ಗಸಿ ಸೀಸದ ಕ್ರೋಮೇಟ್, ಅದು ಫೆರಸ್‌ಗೂ ಸುಲಭಕ್ಕೆ ಬಗ್ಗೋದಿಲ್ಲ. ಆ ಗಸಿಯನ್ನು ಶೆಡ್ ಹಿಂದೆ ಎಲ್ಲಾದರೂ ಹೂತಿದ್ದಾರಾ ನೋಡಿ. ಮಂಜು ಏಳದಿರಲಿ ಎಂದು ಟ್ಯಾಂಕಿಗೆ ಹಾಕುತ್ತಿದ್ದ ನೊರೆದ್ರವದಲ್ಲಿ ಪಿಎಫ್‌ಒಎಸ್ (ಕೊಳೆಯದೆ ಉಳಿಯುವ ಫ್ಲೋರಿನ್ ರಾಸಾಯನಿಕ) ಇರುತ್ತಿತ್ತು. ಗ್ರೀಸ್ ತೆಗೆಯಲು ಟ್ರೈಕ್ಲೋರೋಎಥಿಲೀನ್ ಬಳಸಿದ್ದರೆ ಅದು ನೀರಿನ ತಳಕ್ಕೆ ಹೋಗಿ ಕೂತಿರುತ್ತದೆ. ಪಕ್ಕದಲ್ಲಿ ತಾಮ್ರ, ಸತುವಿನ ಪ್ಲೇಟಿಂಗ್ ನಡೆದಿದ್ದರೆ ಸಯನೈಡ್ ಪರೀಕ್ಷೆ ಆಗುವವರೆಗೆ ಆ ಮಣ್ಣಿಗೆ ಆಮ್ಲದ ಗುಣದ ಯಾವುದನ್ನೂ ಹಾಕಬಾರದು. ಫೆರಸ್ ಸಲ್ಫೇಟ್ ಕೂಡ ಆಮ್ಲದ ಗುಣದ್ದೇ.

---

ಅನ್ನಭೇದಿ

ಸ್ಯಾಂಪಲ್ ಬಗ್ಗೆ ಮೇಲಿನವರು ಹೇಳಿದ್ದು ಸರಿ. ಸದ್ಯ ನೀವು ಕೊಟ್ಟ ಅಂಕಿಯನ್ನೇ ಹಿಡಿದು ಲೆಕ್ಕ ಹಾಕೋಣ.

12 × 9 × 2 ಮೀಟರ್ ಅಂದರೆ 216 ಘನ ಮೀಟರ್. ಘನ ಮೀಟರಿಗೆ 1.7 ಟನ್‌ನಂತೆ 367 ಟನ್. ಸರಾಸರಿ ಕ್ರೋಮಿಯಂ-6 ಕೆಜಿಗೆ 200 ಮಿಲಿಗ್ರಾಂ ಎಂದುಕೊಂಡರೆ ಇಡೀ ಗುಂಡಿಯಲ್ಲಿ ಇರೋದು 73 ಕೆಜಿ. ಟ್ಯಾಂಕಿನ ದ್ರಾವಣದಲ್ಲಿ ಲೀಟರಿಗೆ 250 ಗ್ರಾಂ ಕ್ರೋಮಿಕ್ ಆಮ್ಲ ಇರುತ್ತದೆ, ಅಂದರೆ 130 ಗ್ರಾಂ ಕ್ರೋಮಿಯಂ. ಹಾಗಾಗಿ 560 ಲೀಟರ್, ಮೂರು ಡ್ರಮ್‌ನಷ್ಟು ಸೋರಿದರೂ ಈಗ ಉಳಿದಿರುವ ಕ್ರೋಮಿಯಂ-6ಕ್ಕೆ ಸಾಕು.

ಒಂದು ಕ್ರೋಮಿಯಂ-6 ಪರಮಾಣುವನ್ನು ಕ್ರೋಮಿಯಂ-3 ಮಾಡಲು ಮೂರು ಫೆರಸ್ ಕಬ್ಬಿಣ ಬೇಕು. ಹರಳಿನ ಫೆರಸ್ ಸಲ್ಫೇಟ್, ಅಂದರೆ ನಮ್ಮ ಅಂಗಡಿಯ ಅನ್ನಭೇದಿ, ತೂಕದಲ್ಲಿ 16 ಪಟ್ಟು. 73 ಕೆಜಿಗೆ 1,170 ಕೆಜಿ. ಇದು ಕಾಗದದ ಲೆಕ್ಕ. ಗಾಳಿ ಸ್ವಲ್ಪ ತಿನ್ನುತ್ತದೆ, ಮಣ್ಣು ಸ್ವಲ್ಪ ತಿನ್ನುತ್ತದೆ, ಉಂಡೆಯ ಒಳಗಿನ ಕ್ರೋಮಿಯಂ ಕೈಗೆ ಸಿಗೋದಿಲ್ಲ. ಮೂರು ಪಟ್ಟು ಹಿಡಿದು 3,500 ಕೆಜಿ ಇಟ್ಟುಕೊಳ್ಳಿ, ಮಣ್ಣಿನ ತೂಕದ ಸುಮಾರು ಶೇ. 1. ಅಂತಿಮ ಡೋಸ್ ಬಕೆಟ್ ಪರೀಕ್ಷೆಯಲ್ಲೇ ತೀರ್ಮಾನ ಆಗಬೇಕು: ಅತಿ ಕೆಟ್ಟ ಚೌಕದ ಮಣ್ಣು 5 ಕೆಜಿಯಂತೆ ಐದು ಬಕೆಟ್; ಒಂದಕ್ಕೆ ಏನೂ ಇಲ್ಲ, ಉಳಿದವಕ್ಕೆ 1, 2, 3, 5 ಪಟ್ಟು. 7 ದಿನಕ್ಕೆ ಒಮ್ಮೆ, 28 ದಿನಕ್ಕೆ ಇನ್ನೊಮ್ಮೆ ಪರೀಕ್ಷೆ.

ಅನ್ನಭೇದಿ ಕೊಳ್ಳುವಾಗ ಚೀಲ ಬಿಚ್ಚಿ ನೋಡಿ. ತಿಳಿ ಹಸಿರು ಹರಳಿರಬೇಕು. ಇಟ್ಟಿಗೆ ಪುಡಿಯ ಬಣ್ಣಕ್ಕೆ ತಿರುಗಿದ್ದರೆ ಅದು ಆಗಲೇ ಫೆರಿಕ್ (ಗಾಳಿ ತಾಕಿ ಶಕ್ತಿ ಕಳೆದುಕೊಂಡ ರೂಪ) ಆಗಿದೆ, ಕ್ರೋಮಿಯಂಗೆ ಏನೂ ಮಾಡದು. ದ್ರಾವಣ ಅಂದಂದಿಗೆ ಮಾಡಿ ಅಂದೇ ಮುಗಿಸಬೇಕು. 3,500 ಕೆಜಿಯನ್ನು 14,000 ಲೀಟರ್ ನೀರಿನಲ್ಲಿ ಕರಗಿಸಿದರೆ ಮಣ್ಣಿನ ತೇವ ಶೇ. 4ರಷ್ಟೇ ಏರುತ್ತದೆ, ಕೆಸರಾಗೋದಿಲ್ಲ. ಪುಡಿಯನ್ನೇ ಚೆಲ್ಲಿ ಮೇಲೆ ನೀರು ಬಿಡುವವರಿದ್ದಾರೆ. ಒಂದು ಕಡೆ ತುಕ್ಕಿನ ಪದರ, ಪಕ್ಕದಲ್ಲೇ ಹಳದಿ ಉಂಡೆ, ಹಾಗಾಗುತ್ತದೆ.

ಕೆಲಸ ಕೆಡೋದೇ ಕಲಸುವಲ್ಲಿ. ಜೆಸಿಬಿ ಬಕೆಟ್‌ನಲ್ಲಿ ಮಗುಚಿದ್ದನ್ನು ಕಲಸಿದ್ದು ಅನ್ನಲಾಗದು. ಕೆಂಪು ಜೇಡಿಯ ಮುಷ್ಟಿ ಗಾತ್ರದ ಹೆಂಟೆ ಒಡೆಯದೆ ಉಳಿಯುತ್ತದೆ, ಹೊರಗೆ ಶುದ್ಧ, ಒಳಗೆ 300. ಮಣ್ಣು ಹೊರತೆಗೆದು, ದಪ್ಪ ಎಚ್‌ಡಿಪಿಇ ಹಾಳೆ ಹಾಸಿ ಸುತ್ತ ಏರಿ ಕಟ್ಟಿದ ಕಟ್ಟೆಯ ಮೇಲೆ 30 ಸೆಂ.ಮೀ. ಪದರ ಹರಡಿ. ರೋಟವೇಟರ್ ಓಡಿಸಿ ಹೆಂಟೆ ಒಡೆಸಿ, ದ್ರಾವಣ ಸಿಂಪಡಿಸಿ, ಮತ್ತೆರಡು ಸುತ್ತು ಓಡಿಸಿ. ಆಮೇಲೆ ಮುಂದಿನ ಪದರ.

ಮೊದಲು ಕಬ್ಬಿಣ, ಆಮೇಲೆ ಸುಣ್ಣ. ಸುಣ್ಣ ಮೊದಲು ಬಿದ್ದರೆ ಫೆರಸ್ ನೋಡನೋಡುತ್ತ ತುಕ್ಕಾಗುತ್ತದೆ. ಫೆರಸ್ ಕೆಲಸ ಮಾಡುವಾಗ ಆಮ್ಲ ಹುಟ್ಟುತ್ತದೆ, ಪಿಎಚ್ 4ಕ್ಕೂ ಇಳಿಯಬಹುದು. ಅಲ್ಲಿ ಕ್ರೋಮಿಯಂ-3 ಕೂಡ ಕರಗಿ ಓಡಾಡುತ್ತದೆ. ಎರಡು ಮೂರು ದಿನ ಬಿಟ್ಟು ಅರಳಿದ ಸುಣ್ಣ ಕಲಸಿ 8ರಿಂದ 8.5ಕ್ಕೆ ತನ್ನಿ. ಮೂರು ಪಟ್ಟು ಫೆರಸ್‌ಗೆ ಸುಣ್ಣದ ಕಾಗದದ ಲೆಕ್ಕ 800 ಕೆಜಿ ಚಿಲ್ಲರೆ. ಅಳತೆ ತಪ್ಪಿ ಜಾಸ್ತಿ ಸುರಿಯಬೇಡಿ: ಪಿಎಚ್ 12ರ ಕಡೆ ಹೋದರೆ ಸಲ್ಫೇಟ್, ಸುಣ್ಣ, ಜೇಡಿಯ ಅಲ್ಯುಮಿನಾ ಮೂರೂ ಸೇರಿ ಎಟ್ರಿಂಗೈಟ್ ಅನ್ನುವ ಹರಳು ಕಟ್ಟಿ ನೆಲ ಉಬ್ಬುತ್ತದೆ. ಮೇಲೆ ಶೆಡ್ ಕಟ್ಟಿದ್ದರೆ ನೆಲ ಸೀಳುತ್ತದೆ.

ಕ್ಯಾಲ್ಸಿಯಂ ಪಾಲಿಸಲ್ಫೈಡ್ ಇನ್ನೊಂದು ದಾರಿ. ದ್ರಾಕ್ಷಿ ತೋಟಕ್ಕೆ ಹೊಡೆಯುವ ಗಂಧಕ-ಸುಣ್ಣದ ದ್ರಾವಣವೇ ಅದು. ಶೇ. 29ರ ದ್ರಾವಣವಾದರೆ ಪ್ರತಿ ಕೆಜಿ ಕ್ರೋಮಿಯಂ-6ಕ್ಕೆ ಕಾಗದದ ಲೆಕ್ಕ 20 ಕೆಜಿ. ಫೆರಸ್‌ಗಿಂತ ಹೆಚ್ಚು ದಿನ ಮಣ್ಣಲ್ಲಿ ಉಳಿದು ಕೆಲಸ ಮಾಡುತ್ತದೆ. ಆದರೆ ನಿಮ್ಮ ಮಣ್ಣು 5.1. ಆಮ್ಲಕ್ಕೆ ಬಿದ್ದ ಪಾಲಿಸಲ್ಫೈಡ್ ಕೊಳೆತ ಮೊಟ್ಟೆ ವಾಸನೆಯ ಹೈಡ್ರೋಜನ್ ಸಲ್ಫೈಡ್ ಬಿಡುತ್ತದೆ, ಗುಂಡಿಯಲ್ಲಿ ಇಳಿದವರ ಜೀವಕ್ಕೇ ಅಪಾಯ. ಪಿಎಚ್ 7 ದಾಟಿಸದೆ ಮುಟ್ಟಬೇಡಿ. ಇಟಿಪಿಯಲ್ಲಿ (ಕಾರ್ಖಾನೆಯ ಕೊಳೆನೀರು ಸಂಸ್ಕರಣಾ ಘಟಕ) ಬಳಸುವ ಮೆಟಾಬೈಸಲ್ಫೈಟ್ ಮಣ್ಣಿಗೆ ಒಗ್ಗದು; ಅದಕ್ಕೆ ಪಿಎಚ್ 2ರಿಂದ 3 ಬೇಕು.

---

ಪಾಲಾರ್ ದಂಡೆ

ಸಿಮೆಂಟ್ ಬಗ್ಗೆ. ಸೀಸ, ಸತುವಿಗೆ ಸಿಮೆಂಟ್ ನಡೆಯುತ್ತದೆ, ಕ್ಷಾರದಲ್ಲಿ ಅವು ಕೂರುತ್ತವೆ. ಕ್ರೋಮೇಟ್ ಋಣ ಅಯಾನು, ಪಿಎಚ್ ಏರಿದಷ್ಟೂ ಮಣ್ಣಿನ ಹಿಡಿತದಿಂದ ಜಾರುತ್ತದೆ. ಶೇ. 10 ಸಿಮೆಂಟ್ ಹಾಕಿದರೆ ಪಿಎಚ್ 12 ದಾಟಿ, ಈಗ ಹಿಡಿದುಕೊಂಡಿರುವುದೂ ಬಿಟ್ಟು ಹೋಗುತ್ತದೆ. ಮೊದಲು ಆರನ್ನು ಮೂರು ಮಾಡಿ, ಫಲಿತಾಂಶ ನೋಡಿ, ಗಟ್ಟಿತನ ಬೇಕಿದ್ದರೆ ಸಿಮೆಂಟ್, ಅದೂ ಎಟ್ರಿಂಗೈಟ್ ನೆನಪಿಟ್ಟುಕೊಂಡು.

ಇನ್ನೊಂದು ಸಲಹೆ ಯಾರಾದರೂ ಕೊಟ್ಟೇ ಕೊಡುತ್ತಾರೆ: ಇಟ್ಟಿಗೆ ಗೂಡಿಗೆ ಕೊಡಿ, ಸುಟ್ಟರೆ ಎಲ್ಲ ಹೋಗುತ್ತದೆ ಅಂತ. ಲೋಹ ಸುಟ್ಟರೆ ಹೋಗೋದಿಲ್ಲ. ಕ್ರೋಮಿಯಂನಲ್ಲಿ ತಿರುಗುಬಾಣವೇ. ಗಾಳಿ, ಕ್ಷಾರ, ಕಾವು ಸೇರಿದರೆ ಮೂರು ಮತ್ತೆ ಆರಾಗುತ್ತದೆ. ಕ್ರೋಮೇಟ್ ಕಾರ್ಖಾನೆಗಳು ಮಾಡುವುದೇ ಅದು: ಕ್ರೋಮೈಟ್ ಅದಿರಿಗೆ ಸೋಡಾ ಆ್ಯಶ್ ಸೇರಿಸಿ ಸಾವಿರ ಡಿಗ್ರಿ ಮೇಲೆ ಹುರಿಯುತ್ತವೆ. ತಮಿಳುನಾಡಿನ ರಾಣಿಪೇಟೆಯಲ್ಲಿ 1990ರ ದಶಕದಲ್ಲಿ ಮುಚ್ಚಿದ ಸರ್ಕಾರಿ ಪಾಲಿನ ಕ್ರೋಮೇಟ್ ಕಾರ್ಖಾನೆ ಬಿಟ್ಟುಹೋದ ಗುಡ್ಡ ಆ ಹುರಿದು ಉಳಿದ ಗಸಿಯದೇ, ಒಂದೂವರೆ ಲಕ್ಷ ಟನ್‌ಗೂ ಮಿಕ್ಕಿ.

ನಿಮ್ಮದು ಆ ಜಾತಿಯದಲ್ಲ, ಅದು ನಿಮ್ಮ ಅದೃಷ್ಟ. ಗಸಿಯ ಪಿಎಚ್ 11-12, ಕಣದ ಒಳಗೇ ಕ್ರೋಮೇಟ್ ಕೂತು ವರ್ಷಗಟ್ಟಲೆ ಒಸರುತ್ತದೆ. ಅಮೆರಿಕದ ನ್ಯೂಜೆರ್ಸಿಯ ಹಡ್ಸನ್ ಕೌಂಟಿಯಲ್ಲಿ ಅದನ್ನು ತಗ್ಗು ತುಂಬಲು ಬಳಸಿ, ಕಟ್ಟಡದ ಗೋಡೆಗಳ ಮೇಲೆ ಹಳದಿ-ಹಸಿರು ಹರಳು ಎದ್ದವು. ಅಂಥ ಗಸಿಗೆ ಬರೀ ಫೆರಸ್ ಸಲ್ಫೇಟ್ ಸುರಿದರೆ ಕ್ರೋಮಿಯಂ ಪೂರ್ತಿ ಇಳಿಯದು, ನೆಲ ಮಾತ್ರ ಉಬ್ಬುತ್ತದೆ. ಅದಕ್ಕೇ ಯಾವ ಕ್ರೋಮಿಯಂ, ಯಾವ ಪಿಎಚ್ ಎಂದು ಕೇಳದೆ ಡೋಸ್ ಹೇಳುವವರಿಂದ ದೂರ ಇರಿ.

ಲಾವಂಚ: ಬೇರು ಆಳಕ್ಕೆ ಹೋಗುತ್ತದೆ ನಿಜ, ಆದರೆ 310ರ ಮಣ್ಣಿನಲ್ಲಿ ಗಿಡವೇ ಬಾಡುತ್ತದೆ. ಬದುಕಿದರೂ ಎಲೆಗೆ ಏರುವುದು ಚೂರು, 73 ಕೆಜಿ ತೆಗೆಯಲು ನಿಮ್ಮ ಮೊಮ್ಮಕ್ಕಳ ಕಾಲ ಬರುತ್ತದೆ. ಕೆಲಸ ಮುಗಿದ ಮೇಲೆ ಮಣ್ಣು ಕೊಚ್ಚದ ಹಾಗೆ ಅಂಚಿಗೆ ನೆಡಿ.

---

ಶೆಡ್‌_ನಲವತ್ತು

ಎಲ್ಲರಿಗೂ ಧನ್ಯವಾದ. ಬಕೆಟ್ ಪರೀಕ್ಷೆ ಶುರು ಮಾಡಿಸುತ್ತೇನೆ. ಕಾಂಕ್ರೀಟ್ ನೆಲ ಏನು ಮಾಡಲಿ? ಒಡೆದು ಗುಂಡಿಗೇ ತುಂಬಬಹುದಾ? ಬೋರ್‌ವೆಲ್ ನೀರು ಗಿಡಕ್ಕೆ ಬಿಡಬಹುದಾ?

---

ಏಳು ಪ್ರತಿ

ತುಂಬಬೇಡಿ. ಗುಂಡಿಗಿಂತ ಕೆಟ್ಟದ್ದು ಆ ನೆಲವೇ ಇರಬಹುದು. ಕಾಂಕ್ರೀಟ್ ಸ್ಪಂಜಿನ ಹಾಗೆ ಕ್ರೋಮಿಕ್ ಆಮ್ಲ ಕುಡಿದಿರುತ್ತದೆ. ಬಿಸಿಲಿಗೆ ನೀರು ಮೇಲೇರಿ ಆರಿದಾಗ ಉಪ್ಪು ಮೇಲೆ ಉಳಿಯುತ್ತದೆ, ನೀವು ಕಂಡ ಅರಿಶಿನ ಅದೇ. ಪುಡಿ ಮಾಡಿ ತುಂಬಿದರೆ ಹೊಸ ನೆಲದ ಮೇಲೂ ಅದೇ ಹಳದಿ ಬರುತ್ತದೆ. ಕಟ್ಟಡ ತ್ಯಾಜ್ಯದ ಲಾರಿಗೆ ಕೊಡಲೇಬಾರದು.

50 ಮಿ.ಮೀ. ಕೋರ್ ತೆಗೆಸಿ, ಮೇಲಿನಿಂದ ಕೆಳಕ್ಕೆ 3 ಸೆಂ.ಮೀ. ತುಂಡು ಮಾಡಿ ಪರೀಕ್ಷಿಸಿ. ಒಡೆದ ಮುಖಕ್ಕೆ ಡೈಫಿನೈಲ್ ಕಾರ್ಬಝೈಡ್ ಚಿಮುಕಿಸಿದರೆ ಎಷ್ಟು ಆಳ ನೇರಳೆ ಅಂತ ಕಣ್ಣಿಗೇ ಕಾಣುತ್ತದೆ. ಕಾಂಕ್ರೀಟ್ ಕ್ಷಾರ, ಆಮ್ಲ ಸ್ವಲ್ಪ ಹೆಚ್ಚು ಹಾಕಬೇಕು. ನೇರಳೆ ಬಂದದ್ದೆಲ್ಲ ಅಪಾಯಕಾರಿ ತ್ಯಾಜ್ಯದ ರಾಶಿಗೆ. ಒಡೆಯುವಾಗ ನೀರು ಸಿಂಪಡಿಸುತ್ತಲೇ ಇರಬೇಕು. ಈ ದೂಳು ಶ್ವಾಸಕೋಶದ ಕ್ಯಾನ್ಸರ್ ತರುವಂಥದ್ದು, ಮೂಗಿನ ಒಳಗೋಡೆ ತೂತು ಮಾಡುವಂಥದ್ದು. ಬಟ್ಟೆಯ ಮಾಸ್ಕ್ ಸಾಲದು, ಪಿ100 ಫಿಲ್ಟರ್ ಇರುವ ರೆಸ್ಪಿರೇಟರ್, ನೈಟ್ರೈಲ್ ಕೈಗವಸು, ಗಂಬೂಟು. ಸಿಂಪಡಿಸಿದ ನೀರು ಚರಂಡಿಗೆ ಹೋಗದೆ ಟ್ಯಾಂಕಿಗೆ ಬರಬೇಕು.

ಸಾಗಿಸುವುದೋ ಇಲ್ಲೇ ಮಾಡುವುದೋ ಅನ್ನೋದಕ್ಕೆ ಒಂದು ಅಡ್ಡಲೆಕ್ಕ. ತ್ಯಾಜ್ಯದಿಂದ ವಿಷ ಎಷ್ಟು ಒಸರುತ್ತದೆ ಎಂದು ನೋಡುವ ಟಿಸಿಎಲ್‌ಪಿ ಪರೀಕ್ಷೆಯಲ್ಲಿ ಒಂದು ಪಾಲು ಮಣ್ಣಿಗೆ 20 ಪಾಲು ದ್ರವ. ಕ್ರೋಮಿಯಂ ಮಿತಿ ಲೀಟರಿಗೆ 5 ಮಿಲಿಗ್ರಾಂ. 310 ಪೂರ್ತಿ ಕರಗಿ ಬಂದರೆ 15.5, ಮಿತಿಯ ಮೂರು ಪಟ್ಟು. ಆದ್ದರಿಂದ ಹಾಗೇ ಲಾರಿಗೆ ತುಂಬಿದರೂ ಟಿಎಸ್‌ಡಿಎಫ್‌ನವರು ನೇರ ಭೂಭರ್ತಿಗೆ ಹಾಕದೆ, ಸಂಸ್ಕರಣೆ ಮಾಡಿ ಹಾಕುತ್ತಾರೆ, ಅದರ ದರ ಬೇರೆ. 367 ಟನ್ ಅಂದರೆ 16 ಟನ್ ಟಿಪ್ಪರಿಗೆ 23 ಲೋಡ್. ನನ್ನ ಲೆಕ್ಕದಲ್ಲಿ ಮೇಲಿನ ಒಂದು ಮೀಟರ್ ಮತ್ತು ಕಾಂಕ್ರೀಟ್ ಹೋಗಲಿ, ಕೆಳಗಿನದ್ದನ್ನು ಕಟ್ಟೆ ಮೇಲೆ ಸಂಸ್ಕರಿಸಿ. ಸೀಸ ಸಿಕ್ಕಿದರೆ ಆ ಚೌಕವೂ ಪೂರ್ತಿ ಲಾರಿಗೆ.

ಕಾಗದ: ಅಪಾಯಕಾರಿ ತ್ಯಾಜ್ಯ ನಿಯಮಗಳು 2016. ಪ್ಲೇಟಿಂಗ್ ತ್ಯಾಜ್ಯ ಅನುಸೂಚಿ 1ರ 12ನೇ ಕ್ರಮಾಂಕದಲ್ಲಿ ಬರುತ್ತದೆ. ಡ್ರಮ್ಮಿಗೆ, ಚೀಲಕ್ಕೆ ಫಾರಂ 8ರ ಲೇಬಲ್, ಚಾಲಕನ ಕೈಯಲ್ಲಿ ಫಾರಂ 9ರ ಟ್ರೆಮ್ ಕಾರ್ಡ್ (ಸಾಗಾಟದ ತುರ್ತು ಸೂಚನೆ), ಪ್ರತಿ ಲೋಡಿಗೂ ಫಾರಂ 10 ಮ್ಯಾನಿಫೆಸ್ಟ್ (ಸಾಗಾಟದ ದಾಖಲೆ) ಏಳು ಪ್ರತಿ. ಟಿಎಸ್‌ಡಿಎಫ್‌ನ ಸಹಿ ಬಿದ್ದು ವಾಪಸ್ ಬಂದ ಪ್ರತಿಯ ತೂಕವನ್ನು ನಿಮ್ಮ ವೇಬ್ರಿಡ್ಜ್ ಚೀಟಿಯ ಪಕ್ಕ ಇಟ್ಟು ನೋಡಿ. 22 ಲೋಡ್ ಮುಟ್ಟಿ ಒಂದು ದಾರಿಯಲ್ಲಿ ಕಾಣೆಯಾದರೆ ಹೆಸರು ನಿಮ್ಮದೇ. ಅಗೆದ ರಾಶಿ 90 ದಿನಕ್ಕಿಂತ ಹೆಚ್ಚು ಬಿದ್ದಿರಬಾರದು, ಆದ್ದರಿಂದ ಟಿಎಸ್‌ಡಿಎಫ್ ಒಪ್ಪಿಗೆ ಬರುವ ಮೊದಲು ಅಗೆಯಬೇಡಿ. 2025ರ ಜುಲೈನಲ್ಲಿ ಕಲುಷಿತ ಸ್ಥಳಗಳ ನಿರ್ವಹಣೆಗೇ ಪ್ರತ್ಯೇಕ ಕೇಂದ್ರ ನಿಯಮ ಬಂದಿದೆ, ಮಲಿನ ಮಾಡಿದವರೇ ವೆಚ್ಚ ಭರಿಸಬೇಕು ಅನ್ನುತ್ತದೆ. ಹಳೇ ಘಟಕದ ಸಮ್ಮತಿಪತ್ರ, ಮಾರಾಟಪತ್ರ ಎಲ್ಲ ಹುಡುಕಿಟ್ಟು, ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಗೆ ಮೊದಲೇ ಬರೆದು ಕೊಟ್ಟು ಕೆಲಸ ಶುರು ಮಾಡಿ.

---

ಕೇಸಿಂಗ್ ಪೈಪ್

ಬೋರ್‌ವೆಲ್ ನೀರು ಗಿಡಕ್ಕೂ ಬೇಡ, ಕ್ಯೂರಿಂಗ್‌ಗೂ ಬೇಡ. ಆ ಬೋರೇ ನಿಮ್ಮ ದೊಡ್ಡ ತೂತು. ಕೇಸಿಂಗ್ ಗಟ್ಟಿ ಬಂಡೆ ಮುಟ್ಟುವವರೆಗೆ ಮಾತ್ರ ಇರುತ್ತದೆ, ಸುತ್ತ ಗ್ರೌಟ್ ಹಾಕುವ ರೂಢಿ ಕಡಿಮೆ. 7 ಮೀಟರಿನ 3.8ರ ನೀರು ಪೈಪಿನ ಹೊರಮೈ ಹಿಡಿದು ಬಂಡೆಯ ಸೀಳಿಗೆ ಇಳಿಯುತ್ತದೆ. ಕ್ಯಾಮೆರಾ ಇಳಿಸಿ ನೋಡಿಸಿ, ತಳದಿಂದ ಮೇಲಕ್ಕೆ ಸಿಮೆಂಟ್-ಬೆಂಟೊನೈಟ್ ಗ್ರೌಟ್ ತುಂಬಿಸಿ ಮುಚ್ಚಿ. ಮೇಲಿನಿಂದ ಸುರಿದರೆ ನಡುವೆ ಸಿಕ್ಕಿಕೊಂಡು ಪೊಳ್ಳು ಉಳಿಯುತ್ತದೆ, ಪೈಪ್ ತಳಕ್ಕೆ ಇಳಿಸಿಯೇ ಪಂಪ್ ಮಾಡಬೇಕು.

ಮೇಲಿನ ನೀರಿಗೆ ಎರಡು ಹಂತ. ಮಣ್ಣು ತೆಗೆದ ಗುಂಡಿಯಿಂದ, ಎರಡು ಮೂರು ಸಣ್ಣ ಬಾವಿಯಿಂದ ನೀರೆತ್ತಿ ಸಂಸ್ಕರಿಸಿ. ಇಲ್ಲಿ ಡೋಸ್ ಲೆಕ್ಕದಲ್ಲಿ ಎಡವುವವರೇ ಹೆಚ್ಚು. 1,000 ಲೀಟರಿನಲ್ಲಿ 3.8 ಗ್ರಾಂ ಕ್ರೋಮಿಯಂ, ಅದಕ್ಕೆ 61 ಗ್ರಾಂ ಅನ್ನಭೇದಿ. ಆದರೆ ನೀರಲ್ಲಿ ಕರಗಿದ ಆಮ್ಲಜನಕ ಲೀಟರಿಗೆ 6 ಮಿಲಿಗ್ರಾಂ ಇದ್ದರೆ ಅದೊಂದೇ ಇನ್ನೂ 200 ಗ್ರಾಂ ನುಂಗಬಲ್ಲದು. ಪಿಎಚ್ 6.5ರ ಹತ್ತಿರ ಡೋಸ್ ಹಾಕಿ, ಫೆರಸ್ ಅನ್ನು ಆಮ್ಲಜನಕಕ್ಕಿಂತ ಮೊದಲು ಕ್ರೋಮಿಯಂ ತಿನ್ನಲಿ, ಆಮೇಲೆ 8.3ಕ್ಕೆ ಏರಿಸಿ, ಪಾಲಿಮರ್, ಸೆಟ್ಲಿಂಗ್, ಫಿಲ್ಟರ್. ಗಸಿ ಮತ್ತೆ ಟಿಎಸ್‌ಡಿಎಫ್‌ಗೇ. ಹೊರಬಿಡುವ ನೀರಿಗೆ ಕ್ರೋಮಿಯಂ-6ರ ಮಿತಿ 0.1.

ಪಂಪಿಂಗ್ ಆರಂಭದಲ್ಲಿ ಚುರುಕು, ಆಮೇಲೆ 0.3-0.4ರ ಹತ್ತಿರ ಅಂಟಿಕೊಳ್ಳುತ್ತದೆ. ಪಂಪ್ ನಿಲ್ಲಿಸಿದರೆ ಜೇಡಿಯ ಒಳಗಿಂದ ಬಿಟ್ಟುಕೊಂಡು ಮತ್ತೆ ಏರುತ್ತದೆ. ಆಗ ಎರಡನೇ ಹಂತ: ಕಾಕಂಬಿಯ ತೆಳು ದ್ರಾವಣ ಸಣ್ಣ ಬಾವಿಗಳಿಗೆ ಬಿಡುವುದು. ಸೂಕ್ಷ್ಮಜೀವಿಗಳು ಅದನ್ನು ತಿಂದು ಆಮ್ಲಜನಕ ಮುಗಿಸಿ, ಕ್ರೋಮಿಯಂ ತಾನಾಗಿ ಮೂರಕ್ಕೆ ಇಳಿಯುತ್ತದೆ. ವಾರಗಳಲ್ಲ, ತಿಂಗಳುಗಳ ಕೆಲಸ. ಕಾಕಂಬಿ ಅಬಕಾರಿ ಇಲಾಖೆಯ ಹಿಡಿತದ ಸರಕು, ಮೊದಲು ಅಲ್ಲಿ ವಿಚಾರಿಸಿ. ಆಗದಿದ್ದರೆ ಬೆಲ್ಲದ ನೀರೂ ಆಗುತ್ತದೆ. ಅತಿಯಾದರೆ ಮಣ್ಣಿನ ಮ್ಯಾಂಗನೀಸ್, ಕಬ್ಬಿಣ, ಇದ್ದರೆ ಆರ್ಸೆನಿಕ್ ಕರಗಿ ಏಳುತ್ತವೆ, ಆದ್ದರಿಂದ ಅವನ್ನೂ ಅಳೆಯುತ್ತಿರಿ. ಫೆರಸ್ ದ್ರಾವಣವನ್ನು ಬಾವಿಗೆ ಒತ್ತಬೇಡಿ. ಜಾಲರಿಯ ಸುತ್ತ ತುಕ್ಕು ಕಟ್ಟಿ ಬಾವಿ ಮುಚ್ಚಿಹೋಗುತ್ತದೆ.

---

ನೇರಳೆ ಬಣ್ಣ

ಕೊನೆಯ ಪ್ರಶ್ನೆ ಉಳಿದಿತ್ತು, ಎಷ್ಟಕ್ಕೆ ಶುದ್ಧ. ಕೆನಡಾದ ಮಾರ್ಗಸೂಚಿ ಮನೆ, ಹೊಲದ ಮಣ್ಣಿಗೆ ಕ್ರೋಮಿಯಂ-6 ಕೆಜಿಗೆ 0.4 ಮಿಲಿಗ್ರಾಂ, ಕೈಗಾರಿಕಾ ಜಾಗಕ್ಕೆ 1.4 ಅನ್ನುತ್ತದೆ. ನ್ಯೂಜೆರ್ಸಿ ಕ್ರೋಮೇಟ್ ಜಾಗಗಳಿಗೆ 20 ಇಟ್ಟುಕೊಂಡಿತು. ಅಂತರ ನೋಡಿ! ನಿಮ್ಮ ಗುರಿಯನ್ನು ಮುಂದಿನ ಬಳಕೆ, ನೀರಿನ ಆಳ ಎರಡನ್ನೂ ಹಿಡಿದು ಮಂಡಳಿಯಿಂದ ಲಿಖಿತದಲ್ಲಿ ಪಡೆಯಿರಿ. ನಿಮ್ಮಲ್ಲಿ ನೀರು 7 ಮೀಟರಿನಲ್ಲೇ ಇದೆ, 20 ನಡೆಯದು. 2.5 ಮೀಟರಿನ 6 ಕೂಡ ಹಾಗೇ ಬಿಡುವ ಅಂಕಿಯಲ್ಲ.

ಸಂಸ್ಕರಿಸಿದ ಮರುವಾರ ಬರುವ "ಪತ್ತೆಯಾಗಿಲ್ಲ" ವರದಿಗೆ ಬೆಲೆ ಇಲ್ಲ. ಮಣ್ಣಲ್ಲಿ ಉಳಿದ ಹೆಚ್ಚುವರಿ ಫೆರಸ್ ಲ್ಯಾಬಿನ ಕಾಯಿಸುವ ಪಾತ್ರೆಯಲ್ಲೇ ಕ್ರೋಮಿಯಂ-6 ಅನ್ನು ತಿಂದು ಮುಗಿಸುತ್ತದೆ. ಸ್ಪೈಕ್ ರಿಕವರಿ ಸೊನ್ನೆಯ ಹತ್ತಿರ ಬಂದರೆ ಅದೇ ಸುಳಿವು. 28 ದಿನಕ್ಕೆ, 90 ದಿನಕ್ಕೆ ಎರಡು ಸಲ ಮಾಡಿಸಿ, ಜೊತೆಗೆ ಪಿಎಚ್, ಓಆರ್‌ಪಿ (ಉತ್ಕರ್ಷಣ-ಅಪಕರ್ಷಣ ಮಟ್ಟದ ಅಳತೆ) ಬರೆಸಿ. ಕೆಂಪು ಮಣ್ಣಿನಲ್ಲಿ ಕಪ್ಪು ಮ್ಯಾಂಗನೀಸ್ ಗಂಟುಗಳಿದ್ದರೆ ಅವು ಕ್ರೋಮಿಯಂ-3 ಅನ್ನು ನಿಧಾನಕ್ಕೆ ಮತ್ತೆ ಆರಕ್ಕೆ ಏರಿಸಬಲ್ಲವು, 90 ದಿನದ ಪರೀಕ್ಷೆ ಅದಕ್ಕೇ.

ಗುಂಡಿಯ ತಳಕ್ಕೆ 3 ಮೀಟರಿಗೊಂದರಂತೆ 12 ಸ್ಯಾಂಪಲ್, ಗೋಡೆಗೆ 4 ಮೀಟರಿಗೊಂದರಂತೆ ಸುತ್ತ 11, ಎರಡು ಆಳದಲ್ಲಿ. ಸಂಸ್ಕರಿಸಿದ ರಾಶಿಗೆ 20 ಘನ ಮೀಟರಿಗೊಂದು, ಹೆಂಟೆ ಸಿಕ್ಕಿದರೆ ಹೆಂಟೆಯನ್ನೇ ಒಡೆದು ಒಳಗಿನದ್ದು ಕಳಿಸಿ. ನೀರನ್ನು ಮೊದಲ ಆರು ತಿಂಗಳು ತಿಂಗಳಿಗೊಮ್ಮೆ, ಆಮೇಲೆ ಮೂರು ತಿಂಗಳಿಗೊಮ್ಮೆ, ಎರಡು ಮಳೆಗಾಲ ಕಳೆಯುವವರೆಗೆ. ಅಗೆತ ಜನವರಿಯಲ್ಲಿ ಶುರುವಾಗಿ ಏಪ್ರಿಲ್ ಮುಂಗಾರುಪೂರ್ವ ಮಳೆ ಬೀಳುವ ಮೊದಲು ಗುಂಡಿ ಮುಚ್ಚಿರಬೇಕು. ತೆರೆದ ಗುಂಡಿಗೆ ಒಂದು ಒಳ್ಳೆ ಮಳೆ, 5 ಸೆಂ.ಮೀ. ಬಿದ್ದರೂ 5,400 ಲೀಟರ್ ಹಳದಿ ನೀರು ಕೈಗೆ ಬರುತ್ತದೆ, ಇಡಲು ಟ್ಯಾಂಕ್ ಇದೆಯಾ ನೋಡಿಕೊಳ್ಳಿ.